ಅಂಗಡಿಯವರು ಬರೆದುಕೊಟ್ಟ ಬ್ಯಾಚ್ ಫೈಲ್ ನಿಮ್ಮ ಮನೆಯಲ್ಲೂ ಇದ್ದರೆ ಮೊದಲು ತೆರೆದು ನೋಡಿ

ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದು, ಒಂದರ ಫೈಲುಗಳು ರಾತ್ರಿ ತಾವಾಗಿಯೇ ಇನ್ನೊಂದಕ್ಕೆ ಹೋಗುವಂತೆ ಯಾರಾದರೂ ವ್ಯವಸ್ಥೆ ಮಾಡಿಕೊಟ್ಟಿದ್ದಾರೆಯೇ? ಹಾಗಿದ್ದರೆ ಆ ಕೆಲಸ ಮಾಡಿಸುವ ಬ್ಯಾಚ್ ಫೈಲಿನಲ್ಲಿ, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳನ್ನು ಬರೆದಿಟ್ಟ ಚಿಕ್ಕ ಫೈಲಿನಲ್ಲಿ, ಏನು ಬರೆದಿದೆ ಎಂದು ಇವತ್ತೇ ನೋಡಿ. ಅದರ ಮೇಲೆ ಎರಡು ಸಲ ಒತ್ತಬೇಡಿ, ಓಡಿಬಿಡುತ್ತದೆ. ಮೌಸಿನ ಬಲಗುಂಡಿ ಒತ್ತಿ ‘ಎಡಿಟ್’ ಆರಿಸಿದರೆ ನೋಟ್‌ಪ್ಯಾಡಿನಲ್ಲಿ ತೆರೆದುಕೊಳ್ಳುತ್ತದೆ. ರೋಬೋಕಾಪಿ (ಫೈಲು ನಕಲು ಮಾಡುವ ವಿಂಡೋಸಿನ ಆದೇಶ) ಎಂದು ಶುರುವಾಗುವ ಸಾಲಿನಲ್ಲಿ ಎಲ್ಲಾದರೂ ಓರೆಗೆರೆ (/), ಅದಕ್ಕೆ ಅಂಟಿಕೊಂಡು ಎಂ, ಐ, ಆರ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಕಂಡರೆ ಈ ಬರಹ ನಿಮಗಾಗಿಯೇ.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಇಳಕಲ್ಲಿನ ಕೆಲವು ಸೀರೆ ಅಂಗಡಿಗಳು, ಗುಳೇದಗುಡ್ಡದ ಖಣದ ವ್ಯಾಪಾರಿಗಳು, ಇಂಥವರ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಬಿಲ್ಲುಗಳ ಸ್ಕ್ಯಾನ್ ಪ್ರತಿ, ಟ್ಯಾಲಿಯ ಲೆಕ್ಕ ಎಲ್ಲವೂ ನನ್ನ ಲ್ಯಾಪ್‌ಟಾಪ್‌ನಲ್ಲಿ. ಮೇಲಿನ ಕೋಣೆಯಲ್ಲಿ ಅಪ್ಪನ ಹಳೆಯ ವಿಂಡೋಸ್ 7 ಕಂಪ್ಯೂಟರ್ ಇದೆ. ಹಿನ್ನೀರಿನಲ್ಲಿ ಮುಳುಗಿದ ನಮ್ಮ ಹಳೆಯ ಮನೆಯ ಫೋಟೋಗಳು, ಪರಿಹಾರದ ಕಾಗದಗಳು, ಹೊಲದ ಉತಾರಗಳು, ಇವನ್ನೆಲ್ಲ ಸ್ಕ್ಯಾನ್ ಮಾಡಿ ಜೋಡಿಸಿಡುವುದು ಅಪ್ಪನ ಹವ್ಯಾಸ. ಬರೀ ಹವ್ಯಾಸ ಎನ್ನುವುದೂ ಸರಿಯಲ್ಲ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ನಮ್ಮ ಕಡೆಯ ಮನೆಗಳಲ್ಲಿ ಇಂಥ ಕಾಗದಗಳು ಟ್ರಂಕಿನಿಂದ ಹೊರಗೆ ಬರುತ್ತವೆ.

ಒಂದೇ ಲ್ಯಾಪ್‌ಟಾಪನ್ನು ನಂಬಿ ಕೂರುವುದು ಬೇಡ, ಅಪ್ಪನ ಕಂಪ್ಯೂಟರಿನಲ್ಲೂ ಒಂದು ಪ್ರತಿ ಇರಲಿ ಎಂದು ನಗರದ ಒಂದು ರಿಪೇರಿ ಅಂಗಡಿಗೆ ಹೇಳಿದೆ. ಅಲ್ಲಿಂದ ಬಂದ ಹುಡುಗ ಅಪ್ಪನ ಕಂಪ್ಯೂಟರಿನ ಡಿ ಡ್ರೈವಿನಲ್ಲಿ ಒಂದು ಫೋಲ್ಡರ್ ಮಾಡಿ ಅದನ್ನು ಹಂಚಿಕೆಗೆ ತೆರೆದ. ನನ್ನ ಲ್ಯಾಪ್‌ಟಾಪಿನಲ್ಲಿ ಬ್ಯಾಚ್ ಫೈಲ್ ಬರೆದು, ರಾತ್ರಿ ಒಂಬತ್ತಕ್ಕೆ ತಾನೇ ಓಡುವಂತೆ ಟಾಸ್ಕ್ ಶೆಡ್ಯೂಲರಿನಲ್ಲಿ ಇಟ್ಟ. “ಇನ್ನು ನೀವು ಏನೂ ನೋಡಬೇಕಾಗಿಲ್ಲ ಅಕ್ಕಾ” ಎಂದ. ಕೆಲಸ ಚೆನ್ನಾಗಿಯೇ ನಡೆಯಿತು. ಮೇಲಿನ ಕೋಣೆಗೆ ಹೋಗಿ ನೋಡಿದಾಗಲೆಲ್ಲ ನನ್ನ ಫೈಲುಗಳು ಅಲ್ಲಿ ಇರುತ್ತಿದ್ದವು.

ಮೊದಲ ಸೂಚನೆ ಸಿಕ್ಕಿದ್ದು ಅಪ್ಪನಿಗೆ. ತಮ್ಮ ಕಂಪ್ಯೂಟರಿನಲ್ಲೇ ಇದ್ದ ಆ ಫೋಲ್ಡರಿಗೆ ಒಂದಷ್ಟು ಸ್ಕ್ಯಾನ್ ಹಾಕಿದ್ದರು. ಮರುದಿನ ಬೆಳಗ್ಗೆ ನೋಡಿದರೆ ಅವು ಇರಲಿಲ್ಲ, ರಿಸೈಕಲ್ ಬಿನ್‌ನಲ್ಲೂ ಇರಲಿಲ್ಲ. ಫೋನ್ ಮಾಡಿದರೆ ಅಂಗಡಿಯ ಹುಡುಗ, “ಕಾಕಾ, ನೀವು ಬೇರೆ ಎಲ್ಲೋ ಸೇವ್ ಮಾಡಿರಬೇಕು. ಇನ್ನು ಮುಂದೆ ಅಕ್ಕನ ಲ್ಯಾಪ್‌ಟಾಪಿಗೇ ಹಾಕಿ, ತಾನಾಗಿ ಮೇಲೆ ಬರುತ್ತದೆ” ಎಂದ. ಅಪ್ಪನಿಗೆ ವಯಸ್ಸಾಗಿದೆ, ಮರೆತಿರಬೇಕು ಎಂದು ಮಾತು ಅಲ್ಲಿಗೆ ಮುಗಿಯಿತು. ಆದರೆ ಅವನ ಸಲಹೆಯನ್ನೇ ಇನ್ನೊಮ್ಮೆ ಓದಿ. ಬ್ಯಾಚ್ ಫೈಲಿನ ಆ ಮೂರಕ್ಷರದ ಸಾಲು ಏನು ಮಾಡುತ್ತದೆ ಎಂದು ತಿಳಿಯದವನು ಆ ಮಾತು ಹೇಳಲಾರ. ತಿಳಿದಿದ್ದೂ ನಮಗೆ ಹೇಳಲಿಲ್ಲ.

ಅದು ಮಾಡುವುದು ಇಷ್ಟು. ಮೂಲ ಫೋಲ್ಡರಿನಲ್ಲಿ ಏನಿದೆಯೋ ಗುರಿ ಫೋಲ್ಡರಿನಲ್ಲೂ ಅದೇ, ಅಷ್ಟೇ ಇರುವಂತೆ ಮಾಡುತ್ತದೆ. ಹೊಸದನ್ನು ನಕಲು ಮಾಡುವುದರ ಜೊತೆಗೆ, ಮೂಲದಲ್ಲಿ ಇಲ್ಲದ್ದನ್ನು ಗುರಿಯಿಂದ ಅಳಿಸುತ್ತದೆ. ‘ಅಳಿಸಲೇ?’ ಎಂದು ಕೇಳುವುದಿಲ್ಲ. ಜಾಲದ ಮೂಲಕ ಇನ್ನೊಂದು ಕಂಪ್ಯೂಟರಿನ ಹಂಚಿಕೆ ಫೋಲ್ಡರಿನಿಂದ ಅಳಿಸಿದ ಫೈಲು ರಿಸೈಕಲ್ ಬಿನ್‌ಗೆ ಹೋಗುವುದೂ ಇಲ್ಲ. ಇದು ರೋಬೋಕಾಪಿಗೆ ಮಾತ್ರ ಸೇರಿದ ಸಂಗತಿಯಲ್ಲ. ನೀವೇ ಕೈಯಾರೆ ಹಂಚಿಕೆ ಫೋಲ್ಡರ್ ತೆರೆದು ಡಿಲೀಟ್ ಒತ್ತಿದರೂ ಹೀಗೆಯೇ ಆಗುತ್ತದೆ. ಬಹಳ ಜನರಿಗೆ ಇದು ಗೊತ್ತಿಲ್ಲ.

ಕೆಲವು ತಿಂಗಳ ಮೇಲೆ ಲ್ಯಾಪ್‌ಟಾಪ್ ತೀರಾ ನಿಧಾನವಾಯಿತು. ಅದೇ ಹುಡುಗ ಬಂದು, ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದ. ಮೇಲಿನ ಕಂಪ್ಯೂಟರಿನಲ್ಲಿ ಎಲ್ಲ ಫೈಲು ಇವೆಯೇ ಎಂದು ನಾನು ಕೇಳಿದಾಗ ಕರೆದುಕೊಂಡು ಹೋಗಿ ತೋರಿಸಿದ. ನಾಲ್ಕಾರು ಬಿಲ್ಲು ತೆರೆದು ನೋಡಿದೆವು, ಸರಿಯಾಗಿದ್ದವು. ಸಂಜೆಗೆ ವಿಂಡೋಸ್ ಹೊಸದಾಗಿ ಹಾಕಿ ಮುಗಿಸಿದ. ಎಲ್ಲವೂ ಮೊದಲಿನಂತೆಯೇ ಇರಲಿ ಎಂದು ಅದೇ ಹೆಸರಿನ ಖಾಲಿ ಫೋಲ್ಡರ್ ಮಾಡಿದ, ಬ್ಯಾಚ್ ಫೈಲನ್ನು ಅದರ ಜಾಗದಲ್ಲಿ ಇಟ್ಟ, ರಾತ್ರಿ ಒಂಬತ್ತರ ಟಾಸ್ಕನ್ನೂ ಸೇರಿಸಿದ. ಫೈಲುಗಳನ್ನು ಮಾತ್ರ ತರಲಿಲ್ಲ. “ನಲವತ್ತು ಜಿಬಿ ಇದೆ ಅಕ್ಕಾ, ವೈಫೈ ಮೇಲೆ ರಾತ್ರಿಯೆಲ್ಲ ಹಿಡಿಯುತ್ತದೆ. ನಾಳೆ ಕೇಬಲ್ ತಂದು ಹಾಕಿಕೊಡುತ್ತೇನೆ” ಎಂದು ಹೊರಟ. ಕೇಬಲ್ ವಿಷಯ ನಿಜವೇ. ನೂರು ಎಂಬಿಪಿಎಸ್‌ನ ಸಾಧಾರಣ ಲ್ಯಾನ್ ಕೇಬಲ್‌ನಲ್ಲಿ ಸೆಕೆಂಡಿಗೆ ಹನ್ನೊಂದು ಹನ್ನೆರಡು ಎಂಬಿ ಸಾಗುತ್ತದೆ, ನಲವತ್ತು ಜಿಬಿಗೆ ಸುಮಾರು ಒಂದು ಗಂಟೆ. ಆ ಒಂದು ಗಂಟೆ ಅವನಿಗಿರಲಿಲ್ಲ.

ಒಂಬತ್ತಕ್ಕೆ ಟಾಸ್ಕ್ ಓಡಿತು. ಮೂಲ ಖಾಲಿ, ಆದ್ದರಿಂದ ಗುರಿಯೂ ಖಾಲಿ.

ಬ್ಯಾಚ್ ಫೈಲ್ ಪ್ರತಿ ಸಲವೂ ಒಂದು ಲಾಗ್, ಅಂದರೆ ಏನೇನು ಮಾಡಿತು ಎಂಬ ಪಟ್ಟಿ, ಬರೆದಿಡುತ್ತಿತ್ತು. ಮರುದಿನ ಅದನ್ನು ತೆರೆದೆ. ನಕ್ಷತ್ರ ಚಿಹ್ನೆಯ ಮುಂದೆ ‘ಎಕ್ಸ್‌ಟ್ರಾ ಫೈಲ್’ (ಮೂಲದಲ್ಲಿ ಇಲ್ಲದ್ದು, ಹಾಗಾಗಿ ಅಳಿಸಿದ್ದು), ಅದರ ಮುಂದೆ ಫೈಲಿನ ಗಾತ್ರ, ಆಮೇಲೆ ಒಂದು ಬಿಲ್ಲಿನ ಹೆಸರು. ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಎಷ್ಟು ಕೆಳಗೆ ಹೋದರೂ ಮುಗಿಯದು. ನಡುವೆ ಅಪ್ಪ ಹೆಸರಿಟ್ಟ ಫೋಟೋಗಳು: ಪಡಸಾಲೆ, ತುಳಸಿಕಟ್ಟೆ, ಹಿತ್ತಲ ಬಾವಿ. ಕೊನೆಯಲ್ಲಿ ಚಿಕ್ಕ ಕೋಷ್ಟಕ, ಅದರ ‘ಫೇಲ್ಡ್’ ಕಾಲಮಿನಲ್ಲಿ ಸೊನ್ನೆ. ಯಂತ್ರದ ಲೆಕ್ಕದಲ್ಲಿ ಆ ರಾತ್ರಿಯ ಕೆಲಸ ಒಂದೂ ತಪ್ಪಿಲ್ಲದೆ ನಡೆದಿತ್ತು.

ಅಂಗಡಿಯವರ ಮೊದಲ ಉತ್ತರ “ವೈರಸ್ ಬಂದಿರಬೇಕು” ಎಂದಾಗಿತ್ತು. ಲಾಗ್ ತೋರಿಸಿದ ಮೇಲೆ ಮಾತು ಬದಲಾಯಿತು. ಹುಡುಗ ಬಂದವನೇ ಅಂತರ್ಜಾಲದಿಂದ ರಿಕವರಿ ತಂತ್ರಾಂಶ ಇಳಿಸಿದ. ಸಿ ಡ್ರೈವಿನಲ್ಲಿ ಜಾಗವಿಲ್ಲವೆಂದು ಅದನ್ನು ಹಾಕಿದ್ದು ಡಿ ಡ್ರೈವಿಗೆ! ಫೈಲು ಅಳಿಸಿದ್ದು ಅಲ್ಲಿಂದಲೇ. ಹಾರ್ಡ್ ಡಿಸ್ಕಿನಲ್ಲಿ ಫೈಲು ಅಳಿಸಿದಾಗ ಆ ಜಾಗ ‘ಖಾಲಿ’ ಎಂದು ಗುರುತಾಗುತ್ತದೆ ಅಷ್ಟೇ. ಅದರ ಮೇಲೆ ಬೇರೆ ಏನಾದರೂ ಬರೆಯುವ ತನಕ ಹಳೆಯದು ಅಲ್ಲೇ ಇರುತ್ತದೆ. ಇವನು ಮೊದಲು ತಂತ್ರಾಂಶ ಬರೆದ, ಆಮೇಲೆ ಹುಡುಕಿ ತೆಗೆದದ್ದನ್ನೂ ಅದೇ ಡ್ರೈವಿಗೆ ಬರೆದ. ಸಿಕ್ಕ ಫೋಟೋಗಳಿಗೆ ಹೆಸರಿಲ್ಲ, ಬರೀ ಅಂಕಿ. ಕೆಲವು ತೆರೆದರೆ ಮೇಲರ್ಧ ಚಿತ್ರ, ಕೆಳಗರ್ಧ ಬೂದು ಬಣ್ಣ. ಟ್ಯಾಲಿಯ ಲೆಕ್ಕದಲ್ಲಿ ತೆರೆಯುವಂಥದ್ದು ಒಂದೂ ಸಿಗಲಿಲ್ಲ.

ಅಪ್ಪನ ಮೂಲ ಫೋಟೋಗಳು ಟ್ರಂಕಿನಲ್ಲಿವೆ, ಮತ್ತೆ ಸ್ಕ್ಯಾನ್ ಮಾಡುತ್ತಿದ್ದಾರೆ. ಸಲ್ಲಿಸಿದ ರಿಟರ್ನ್‌ಗಳು ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಕ್ಕವು. ಕಷ್ಟವಿರುವುದು ಬಿಲ್ಲುಗಳದ್ದು. ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ದಾಖಲೆಗಳನ್ನು ಕಾಪಾಡಬೇಕು ಎಂದು ಜಿಎಸ್‌ಟಿ ಕಾಯ್ದೆ ಹೇಳುತ್ತದೆ. “ಸ್ಕ್ಯಾನ್ ನಿಮ್ಮ ಹತ್ತಿರ ಇದೆಯಲ್ಲ ಮೇಡಂ” ಎಂದು ಕಾಗದವನ್ನು ರದ್ದಿಗೆ ಹಾಕಿದ ಅಂಗಡಿಗಳೂ ಇವೆ. ಅವರಿಗೆ ಮುಖ ತೋರಿಸುವುದು ಹೇಗೆ ಎಂದು ಇನ್ನೂ ತಿಳಿಯುತ್ತಿಲ್ಲ.

ಕೆದಕುತ್ತಾ ಹೋದಂತೆ ಇನ್ನೂ ಕೆಲವು ಕಂಡವು. ಹಂಚಿಕೆ ಫೋಲ್ಡರಿನ ಅನುಮತಿಯಲ್ಲಿ ‘ಎವ್ರಿಒನ್’ಗೆ ಪೂರ್ಣ ಅಧಿಕಾರ ಕೊಟ್ಟಿದ್ದ, ಪಾಸ್‌ವರ್ಡ್ ರಕ್ಷಣೆಯನ್ನು ತೆಗೆದುಹಾಕಿದ್ದ. ನಮ್ಮ ವೈಫೈ ಪಾಸ್‌ವರ್ಡ್ ಗೊತ್ತಿರುವ ಯಾರೇ ಆಗಲಿ ಆ ಫೋಲ್ಡರನ್ನು ಓದಬಹುದಿತ್ತು, ಅಳಿಸಬಹುದಿತ್ತು. ಲ್ಯಾಪ್‌ಟಾಪಿನಲ್ಲಿ ಎಸ್‌ಎಂಬಿ 1 ಎಂಬ ಹಳೆಯ ಹಂಚಿಕೆ ವಿಧಾನವನ್ನೂ ಚಾಲೂ ಮಾಡಿದ್ದ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ಇದೇ ವಿಧಾನದಲ್ಲಿದ್ದ ದೋಷದಿಂದ. ವಿಂಡೋಸ್ 7ಕ್ಕೂ ಅದು ಬೇಕಾಗಿಲ್ಲ, ಅದಕ್ಕೆ ಎಸ್‌ಎಂಬಿ 2 ಬರುತ್ತದೆ. ಹೇಗೋ ಒಂದು ಸಲ ಸಂಪರ್ಕ ಸಿಕ್ಕರೆ ಸಾಕು ಎಂದು ಸಿಕ್ಕ ಕೀಲಿಯನ್ನೆಲ್ಲ ತಿರುವುವ ಕೆಲಸ ಇದು. ಅಂದ ಹಾಗೆ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿದೆ. ಅಂಥ ಯಂತ್ರವನ್ನು ಜಾಲಕ್ಕೆ ಸೇರಿಸುವ ಮುನ್ನ ಒಂದು ಮಾತು ಹೇಳಬಹುದಿತ್ತು.

ನಿಮ್ಮ ಬ್ಯಾಚ್ ಫೈಲಿನಲ್ಲಿ ಆ ಮೂರು ಅಕ್ಷರ ಇದ್ದರೆ ಅವನ್ನು ತೆಗೆದು, ಓರೆಗೆರೆಯ ಮುಂದೆ ಇ ಅಕ್ಷರವನ್ನಷ್ಟೇ ಹಾಕಿಸಿ. ಆಗ ಒಳ ಫೋಲ್ಡರುಗಳ ಸಮೇತ ನಕಲಾಗುತ್ತದೆ, ಗುರಿಯಲ್ಲಿ ಇರುವುದು ಅಳಿಯುವುದಿಲ್ಲ. ಹಳೆಯ ಫೈಲುಗಳ ಗುಡ್ಡ ಬೆಳೆಯುತ್ತದೆ, ಬೆಳೆಯಲಿ. ಅದರ ಜೊತೆಗೆ ಓರೆಗೆರೆ ಮತ್ತು ಎಲ್ ಅಕ್ಷರ ಸೇರಿಸಿದರೆ ಏನೇನು ಮಾಡಲಿದೆ ಎಂಬ ಪಟ್ಟಿ ಮಾತ್ರ ತೋರಿಸುತ್ತದೆ, ಏನನ್ನೂ ಮುಟ್ಟುವುದಿಲ್ಲ. ಮೊದಲ ಸಲ ಹೀಗೆ ಓಡಿಸಿ ನೋಡಿ. ಇಷ್ಟಾದರೂ ಕೆಟ್ಟುಹೋದ ಫೈಲು ಒಳ್ಳೆಯದರ ಮೇಲೆ ಬಂದು ಕೂರುವ ಅಪಾಯ ತಪ್ಪುವುದಿಲ್ಲ. ಅದಕ್ಕೆ ನಾನೀಗ ಪ್ರತ್ಯೇಕ ಹಾರ್ಡ್ ಡಿಸ್ಕಿಗೆ ಪ್ರತಿ ತೆಗೆದು, ಕೇಬಲ್ ಬಿಚ್ಚಿ ಕಪಾಟಿನಲ್ಲಿ ಇಡುತ್ತೇನೆ. ಯಾರೇ ಬಂದು ಫಾರ್ಮ್ಯಾಟ್ ಮಾಡುವುದಿದ್ದರೂ ಅದಕ್ಕೂ ಮೊದಲು ಟಾಸ್ಕ್ ಶೆಡ್ಯೂಲರ್ ತೆರೆಸಿ ಅಂಥ ಟಾಸ್ಕನ್ನು ನಿಲ್ಲಿಸಿ. ಎಲ್ಲ ಫೈಲು ಮರಳಿ ಬಂದದ್ದನ್ನು ನಿಮ್ಮ ಕಣ್ಣಾರೆ ನೋಡುವ ತನಕ ಅದನ್ನು ಮತ್ತೆ ಚಾಲೂ ಮಾಡಲು ಬಿಡಬೇಡಿ.

ಈಗಾಗಲೇ ಅಳಿಸಿಹೋಗಿದ್ದರೆ, ಫೈಲು ಅಳಿಸಿದ್ದು ಯಾವ ಕಂಪ್ಯೂಟರಿನಿಂದಲೋ ಅದನ್ನು ಕೂಡಲೇ ಬಂದ್ ಮಾಡಿ. ಬ್ರೌಸರ್ ತೆರೆಯುವುದು, ಅಪ್‌ಡೇಟ್ ಆಗಲು ಬಿಡುವುದು, ಯಾವುದೂ ಬೇಡ. ಡಿಸ್ಕನ್ನು ಹೊರತೆಗೆಸಿ ಬೇರೆ ಕಂಪ್ಯೂಟರಿಗೆ ಜೋಡಿಸಿಯೇ ಹುಡುಕಿಸಬೇಕು, ಸಿಕ್ಕದ್ದನ್ನು ಬೇರೆ ಡಿಸ್ಕಿಗೇ ಉಳಿಸಬೇಕು. ಎಸ್‌ಎಸ್‌ಡಿ (ಹೊಸ ಬಗೆಯ ಚಿಪ್ ಡಿಸ್ಕ್) ಆಗಿದ್ದರೆ ಆಸೆ ಬಹಳ ಕಡಿಮೆ, ಅಳಿಸಿದ ಜಾಗವನ್ನು ಅದು ತಾನೇ ಬೇಗ ಒರೆಸಿಕೊಂಡುಬಿಡುತ್ತದೆ. ಯಾರಾದರೂ ಅದೇ ಡಿಸ್ಕಿಗೆ ರಿಕವರಿ ತಂತ್ರಾಂಶ ಇಳಿಸಲು ಹೊರಟರೆ, ಎಷ್ಟೇ ಪರಿಚಯದವರಾಗಿರಲಿ, ಕೈಯಿಂದ ಮೌಸ್ ಕಸಿದುಕೊಳ್ಳಿ.