ಪಕ್ಕದ ಟೇಬಲ್ ಮಾತಿಗೆ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಸಾಕಾ?

ನೇರವಾಗಿ ಹೇಳಿಬಿಡುತ್ತೇನೆ. ಆಫೀಸಿನಲ್ಲಿ ಪಕ್ಕದವರ ಮಾತು ಕೇಳಿಸಬಾರದು ಅಂತ, ಹೊರಗಿನ ಸದ್ದು ಕುಗ್ಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ತೆಗೆದುಕೊಳ್ಳುವ ಯೋಚನೆ ಇದ್ದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ. ಮೆಷಿನ್ ಸದ್ದಿಗೆ ಇದು ತುಂಬಾ ಒಳ್ಳೆಯದು. ಬಸ್ ಪ್ರಯಾಣಕ್ಕೂ ಒಳ್ಳೆಯದು. ಮನುಷ್ಯರ ಮಾತಿಗೆ ಮಾತ್ರ ಇದೊಂದೇ ಸಾಕಾಗುವುದಿಲ್ಲ.

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವವಳು. ಬೆಳೆಗಾರರು ಚೆರ್ರಿ (ಹಣ್ಣನ್ನು ಹಾಗೇ ಒಣಗಿಸಿದ್ದು), ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ್ದು) ತಂದು ಹಾಕುತ್ತಾರೆ. ಸಿಪ್ಪೆ ತೆಗೆದು, ಗ್ರೇಡ್ ಮಾಡಿ ಕೊಡುವುದು ನಮ್ಮ ಕೆಲಸ. ನನ್ನ ಟೇಬಲ್ಲಿಗೆ ಬರುವುದು ತೂಕದ ಚೀಟಿ, ತೇವಾಂಶದ ಚೀಟಿ, ಓಟಿ ಲೆಕ್ಕ. 50 ಕೆ.ಜಿ. ಚೆರ್ರಿ ಮೂಟೆಯಲ್ಲಿ ಎಷ್ಟು ಕೆ.ಜಿ. ಕ್ಲೀನ್ ಬೀಜ ಸಿಕ್ಕಿತು ಅನ್ನುವುದೇ ಓಟಿ. 26 ಬಂತೋ 28 ಬಂತೋ ಅನ್ನುವುದರ ಮೇಲೆ ಬೆಳೆಗಾರರ ಕೈಗೆ ಬರುವ ದುಡ್ಡು ನಿಂತಿದೆ. ವರ್ಷವಿಡೀ ಮಳೆ, ಬಿಸಿಲು, ಆಳಿನ ಕೂಲಿ ಎಲ್ಲ ತಡೆದುಕೊಂಡು ಬೆಳೆದವರ ಲೆಕ್ಕ ಅದು. ಅಲ್ಲಿ ಒಂದು ಅಂಕಿಯೂ ಆಚೀಚೆ ಆಗಬಾರದು.

ನನ್ನ ಪಕ್ಕದ ಟೇಬಲ್ಲಿನಲ್ಲಿ ಒಬ್ಬ ಅಕ್ಕ ಇದ್ದಾರೆ. ಹೆಸರು ಬೇಡ. ನನಗಿಂತ ದೊಡ್ಡವರು, ಒಳ್ಳೆಯ ಮನಸ್ಸು. ಆದರೆ ಬೆಳಿಗ್ಗೆ ಬ್ಯಾಗ್ ಇಡುವ ಹೊತ್ತಿಗೆ ಮಾತು ಶುರುವಾದರೆ ಸಂಜೆ ಗೇಟ್ ದಾಟುವವರೆಗೆ ನಿಲ್ಲುವುದಿಲ್ಲ. ಮಗನ ಹಾಸ್ಟೆಲ್ ಊಟ, ಅತ್ತಿಗೆಯ ಮನೆಯ ಗೃಹಪ್ರವೇಶ, ಸಂತೆಯಲ್ಲಿ ಬೀನ್ಸ್ ರೇಟು, ಯಾರ ತೋಟಕ್ಕೆ ಆನೆ ಬಂತು. ನಾನು ಅಂಕಿ ಕೂಡಿಸುತ್ತಾ ಇರುವಾಗಲೂ "ಕೇಳಿದ್ಯಾ ಮಾರಾಯ್ತಿ?" ಅಂತ ಉತ್ತರಕ್ಕೆ ಕಾಯುತ್ತಾರೆ. ಅರ್ಧಕ್ಕೆ ತಲೆ ಎತ್ತಿದರೆ ಮತ್ತೆ ಮೊದಲ ಸಾಲಿನಿಂದ ಕೂಡಿಸಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಅರೇಬಿಕಾ ಜಾತಿಯ ಕಾಫಿ ಮುಗಿಯುವ ಮೊದಲೇ ರೋಬಸ್ಟಾ ಜಾತಿಯದ್ದು ಬಂದು ಬೀಳುವ ಕಾಲದಲ್ಲಿ, ಇದು ನಿಜಕ್ಕೂ ಕಷ್ಟ.

ಹಾಗಾಗಿ ಕಿವಿ ಪೂರ್ತಿ ಮುಚ್ಚುವ ನಾಯ್ಸ್ ಕ್ಯಾನ್ಸಲಿಂಗ್ (ಎಎನ್‌ಸಿ) ಹೆಡ್‌ಫೋನ್ ತರಿಸಿದೆ. ಆರು ಸಾವಿರದೊಳಗಿನದ್ದು. ಕಂಪನಿ ಹೆಸರು ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳುವ ಮುಖ್ಯ ವಿಷಯ ಆ ಒಂದು ಕಂಪನಿಯದಲ್ಲ, ಈ ತಂತ್ರದ್ದೇ.

ಮೊದಲ ದಿನ ಹಾಕಿಕೊಂಡು ಬಟನ್ ಒತ್ತಿದಾಗ ಪಕ್ಕದ ಶೆಡ್ಡಿನಲ್ಲಿ ಸಿಪ್ಪೆ ಬಿಡಿಸುವ ಹಲ್ಲರ್, ಗ್ರೇಡರ್, ಬೀಜ ಮೇಲೆತ್ತುವ ಎಲಿವೇಟರ್ ಎಲ್ಲದರ ಸದ್ದೂ ದೂರ ಸರಿಯಿತು. ತಲೆಯ ಮೇಲಿನ ಫ್ಯಾನ್ ಸದ್ದು ಇಲ್ಲವೇ ಇಲ್ಲ. ಎಷ್ಟು ಸದ್ದಿನ ನಡುವೆ ಕೂತಿದ್ದೆ ಅಂತ ಆಗಲೇ ಗೊತ್ತಾಗಿದ್ದು. ಅದೇ ಹೊತ್ತಿಗೆ ಅಕ್ಕನ ದನಿ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು! ಒಂದೊಂದು ಪದವೂ ಬಿಡಿಬಿಡಿಯಾಗಿ.

ಹಾಗೇಕೆ ಅಂತ ಹುಡುಕಿ ಓದಿದೆ. ಹೆಡ್‌ಫೋನಿನಲ್ಲಿರುವ ಸಣ್ಣ ಮೈಕ್‌ಗಳು ಹೊರಗಿನ ಸದ್ದನ್ನು ಹಿಡಿಯುತ್ತವೆ. ಒಳಗಿನ ಸ್ಪೀಕರ್ ಅದಕ್ಕೆ ಸರಿಯಾಗಿ ಉಲ್ಟಾ ಅಲೆಯನ್ನು ಹೊರಡಿಸುತ್ತದೆ. ಎರಡೂ ಸೇರಿದಾಗ ಸದ್ದು ಕುಗ್ಗುತ್ತದೆ. ಒಂದೇ ಸಮನೆ ಗುಂಯ್ ಅನ್ನುವ ತಗ್ಗಿನ ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಾತು ಹಾಗಲ್ಲ. ಕ್ಷಣಕ್ಷಣಕ್ಕೂ ಏರುತ್ತದೆ, ಇಳಿಯುತ್ತದೆ. ಪದ ಬಿಡಿಸಿ ಕೇಳಿಸುವ 'ಸ', 'ಚ', 'ಟ' ಎಲ್ಲ ಮೇಲಿನ ಸ್ಥಾಯಿಯ ಸದ್ದುಗಳು. ಅವನ್ನು ತಡೆಯಬೇಕಾದದ್ದು ಕಿವಿಯ ಸುತ್ತ ಕೂರುವ ಮೆತ್ತೆ ಮಾತ್ರ. ಇಷ್ಟು ದಿನ ಆ ಮಾತನ್ನು ಅಷ್ಟಿಷ್ಟು ಮುಚ್ಚಿಟ್ಟಿದ್ದೇ ಹಲ್ಲರ್ ಸದ್ದು. ಹೆಡ್‌ಫೋನ್ ಆ ಮುಸುಕನ್ನೇ ತೆಗೆದುಹಾಕಿತು.

ಈ ತಂತ್ರ ಬೆಳೆದು ಬಂದ ಕಥೆ ಕೇಳಿದರೂ ಇದು ಅರ್ಥವಾಗುತ್ತದೆ. ಬೋಸ್ ಅನ್ನುವ ಆಡಿಯೋ ಕಂಪನಿ ಕಟ್ಟಿದ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಕೂತು ಹೆಡ್‌ಫೋನಿನಲ್ಲಿ ಸಂಗೀತ ಕೇಳಲು ನೋಡಿದರು. ಎಂಜಿನ್ ಸದ್ದಿನಲ್ಲಿ ಏನೂ ಸರಿಯಾಗಿ ಕೇಳಿಸಲಿಲ್ಲ. ಅಲ್ಲಿಯೇ ಲೆಕ್ಕ ಹಾಕಲು ಶುರು ಮಾಡಿದರಂತೆ. 1989ರಲ್ಲಿ ಅವರ ಕಂಪನಿ ಪೈಲಟ್‌ಗಳಿಗೆ ಹೆಡ್‌ಸೆಟ್ ತಂದಿತು. ಎಂಜಿನ್ ಸದ್ದಿಗೆ ಅಂತ ಬೆಳೆದ ವಿದ್ಯೆ ಇದು. ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಇದನ್ನು ಹಾಕಿಕೊಂಡರೆ ಇಳಿಯುವಾಗ ತಲೆ ಭಾರ ಇರುವುದಿಲ್ಲ. ಆ ಒಂದು ಉಪಯೋಗಕ್ಕೇ ಕೊಟ್ಟ ದುಡ್ಡು ದಕ್ಕಿತು ಅನ್ನಿಸಿದೆ.

ಹಾಡು ಹಾಕಿಕೊಂಡರೆ ಆಯ್ತಲ್ವಾ ಅಂತ ನೀವು ಕೇಳಬಹುದು. ಕನ್ನಡ ಹಾಡು ಹಾಕಿದರೆ ಅದರ ಸಾಹಿತ್ಯದ ಕಡೆ ಗಮನ ಹೋಗುತ್ತದೆ, ಮತ್ತೆ ಅದೇ ಕಥೆ. ನನಗೆ ಒಗ್ಗಿದ್ದು ಮಳೆ ಸದ್ದು. ಆಟಿ ತಿಂಗಳ ಜೋರು ಮಳೆಯ ಹಾಗೆ ಎಡೆಬಿಡದೆ ಸುರಿಯುವ ರೆಕಾರ್ಡಿಂಗ್ ಸಿಗುತ್ತದೆ. ಸಣ್ಣ ದನಿಯಲ್ಲಿ ಹಾಕಿದರೂ ಮಾತಿನ ಪದಗಳು ಕರಗಿಹೋಗುತ್ತವೆ. ವಾಲ್ಯೂಮ್ ಏರಿಸಿ ಮಾತನ್ನು ಮುಚ್ಚಲು ಹೋಗಬೇಡಿ. ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ, ಅಷ್ಟೇ ಮಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿವಿ ಹೋದರೆ ಮತ್ತೆ ಬರುವುದಿಲ್ಲ.

ಇನ್ನು ಹೆಣ್ಣುಮಕ್ಕಳಿಗೆ ಒಂದು ಮಾತು. ಈ ವಿಷಯ ಯಾವ ರಿವ್ಯೂನಲ್ಲೂ ನನಗೆ ಸಿಗಲಿಲ್ಲ. ತಿರುಪಿನ ಓಲೆ ಹಾಕಿದ್ದರೆ ಮೆತ್ತೆ ಒತ್ತಿ ಮಧ್ಯಾಹ್ನದ ಹೊತ್ತಿಗೆ ಕಿವಿಯ ಹಿಂದೆ ನೋವು ಶುರುವಾಗುತ್ತದೆ. ಜುಮಕಿ ಆಗುವುದೇ ಇಲ್ಲ. ಕನ್ನಡಕದ ಕಡ್ಡಿ ಇದ್ದರೆ ಮೆತ್ತೆಗೂ ಕಿವಿಗೂ ನಡುವೆ ಸಂದಿ ಉಳಿದು ಮಾತು ಅಲ್ಲಿಂದಲೇ ಒಳಗೆ ಬರುತ್ತದೆ. ಡಿಸೆಂಬರ್ ಚಳಿಯಲ್ಲಿ ಕಿವಿ ಬೆಚ್ಚಗಿರುತ್ತದೆ, ಹಿತ. ಮಾರ್ಚ್‌ನಲ್ಲಿ ಅದೇ ಮೆತ್ತೆ ಬೆವರಿನಲ್ಲಿ ಅಂಟುತ್ತದೆ. ಮೂಟೆ ಎಣಿಸಲು ಯಾರ್ಡಿಗೆ ಇಳಿಯುವಾಗ ಮಾತ್ರ ಮರೆಯದೆ ತೆಗೆದಿಡಿ. ಲಾರಿ ರಿವರ್ಸ್ ಬರುವುದು ಕೇಳಿಸದಿದ್ದರೆ ದೊಡ್ಡ ಅನಾಹುತ.

ಮಾತು ತಡೆಯಲು ನನಗೆ ಜಾಸ್ತಿ ಸಹಾಯ ಮಾಡಿದ್ದು ಫೋಮ್ ಇಯರ್‌ಪ್ಲಗ್. 3ಎಂ 1100 ಅಂತ ಕಿತ್ತಳೆ ಬಣ್ಣದ್ದು. ಅದರ ಎನ್‌ಆರ್‌ಆರ್ (ಎಷ್ಟು ಸದ್ದು ತಗ್ಗಿಸುತ್ತದೆ ಅನ್ನುವ ಅಳತೆ) 29 ಡೆಸಿಬೆಲ್ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಅದು ಲ್ಯಾಬಿನ ಅಳತೆ, ನಮ್ಮ ಕಿವಿಯಲ್ಲಿ ಅಷ್ಟು ಸಿಗುವುದಿಲ್ಲ. ಸರಿಯಾಗಿ ಕೂರಿಸಿದರೆ ಮಾತಿನ ಮೊನೆ ಹೋಗಿ ಸುಮ್ನೆ ಒಂದು ಗುನುಗು ಉಳಿಯುತ್ತದೆ. ಕೂರಿಸುವುದರಲ್ಲೇ ಎಲ್ಲ ಇದೆ. ಕೈ ತೊಳೆದು, ಬೆರಳಲ್ಲಿ ಸಣ್ಣದಾಗಿ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ಬಿಡಬೇಕು. ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಓಲೆಗೂ ತೊಂದರೆಯಿಲ್ಲ, ಕನ್ನಡಕಕ್ಕೂ ತೊಂದರೆಯಿಲ್ಲ. ಕೊಳೆಯಾದರೆ ಎಸೆದು ಹೊಸದು ತೆಗೆದುಕೊಳ್ಳಿ.

ಆದರೂ ಪ್ಲಗ್ಗಿನಿಂದ ಅಕ್ಕನ ಮಾತು ನಿಲ್ಲುವುದಿಲ್ಲವಲ್ಲ. ಅದು ಕಿವಿಯಲ್ಲಿದ್ದರೆ ಅವರಿಗೆ ಕಾಣಿಸುವುದೂ ಇಲ್ಲ. ನಾನು ಉತ್ತರ ಕೊಡದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ದೊಡ್ಡ ಹೆಡ್‌ಫೋನ್ ಕಾಣಿಸುತ್ತದೆ, ಆದರೆ ಅದು ಕಂಡರೆ ಭುಜ ತಟ್ಟಿ "ಏನ್ ಹಾಡು ಮಾರಾಯ್ತಿ?" ಅಂತ ಕೇಳುತ್ತಿದ್ದರು. ಕೊನೆಗೆ ಒಂದು ದಿನ ಕಾಫಿ ಹೊತ್ತಿನಲ್ಲಿ ಹೇಳಿದೆ: "ಅಕ್ಕಾ, ಬೆಳಿಗ್ಗೆ ಓಟಿ ಲೆಕ್ಕ ಮುಗಿಯೋವರೆಗೆ ಈ ಹೆಡ್‌ಫೋನ್ ಹಾಕ್ಕೊಂಡಿರ್ತೀನಿ. ಮಧ್ಯೆ ಮಾತಾಡಿದ್ರೆ ನನಗೆ ಅಂಕಿ ತಪ್ಪುತ್ತೆ. ಕಾಫಿಗೆ ಇಬ್ರೂ ಒಟ್ಟಿಗೆ ಹೋಗೋಣ, ಆಗ ಎಲ್ಲ ಹೇಳಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಮೊದಲೇ ಹೇಳ್ಬಾರ್ದಾ?" ಅಂದರು. ಈಗ ಬೇರೆ ಯಾರಾದರೂ ನನ್ನ ಟೇಬಲ್ಲಿಗೆ ಬಂದರೆ ಅವರೇ "ಅವಳು ಲೆಕ್ಕದಲ್ಲಿದ್ದಾಳೆ, ಆಮೇಲೆ ಬನ್ನಿ" ಅಂತ ಕಳಿಸುತ್ತಾರೆ. ಕೆಲವು ದಿನ ಮರೆತು ಶುರು ಮಾಡುತ್ತಾರೆ. ಹೆಡ್‌ಫೋನ್ ಮುಟ್ಟಿ ತೋರಿಸಿದರೆ ಸಾಕು.

ಅವರ ಮಾತು ಪೂರ್ತಿ ಬೇಡ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಒಂದೇ ಹೆಸರಿನ ಇಬ್ಬರು ಬೆಳೆಗಾರರಿದ್ದಾರೆ, ಒಬ್ಬರು ಆಲ್ದೂರು ಕಡೆ, ಇನ್ನೊಬ್ಬರು ಮೂಡಿಗೆರೆ ಕಡೆ. ಒಂದು ಸಲ ಲಾಟಿನ ಚೀಟಿಯಲ್ಲಿ ಊರೇ ಬರೆದಿರಲಿಲ್ಲ. "ಮೂಡಿಗೆರೆಯವರು ಈ ಸಲ ಇನ್ನೂ ರೋಬಸ್ಟಾ ಕೊಯ್ಲೇ ಶುರು ಮಾಡಿಲ್ಲ, ಇದು ಆಲ್ದೂರಿನವರದ್ದೇ" ಅಂತ ಅಕ್ಕ ಹೇಳಿದರು. ಫೋನ್ ಮಾಡಿ ಕೇಳಿದಾಗ ಅವರು ಹೇಳಿದ್ದೇ ಸರಿ. ಈ ಮಾಹಿತಿ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. ಅದಕ್ಕೇ ಹೆಡ್‌ಫೋನ್ ಕೊಳ್ಳುವಾಗ ಹೊರಗಿನ ಸದ್ದು ಒಳಗೆ ಬಿಡುವ ಆಂಬಿಯೆಂಟ್ ಮೋಡ್ ಇದೆಯಾ, ಅದಕ್ಕೆ ಬೇರೆ ಬಟನ್ ಇದೆಯಾ ನೋಡಿ. ಫೋನ್ ತೆಗೆದು ಆ್ಯಪ್‌ನಲ್ಲಿ ಬದಲಾಯಿಸುವಂಥದ್ದು ಕೆಲಸದ ನಡುವೆ ಆಗುವ ಮಾತಲ್ಲ.

ಆದಷ್ಟೂ ಅಂಗಡಿಗೆ ಹೋಗಿ ನಿಮ್ಮ ಕನ್ನಡಕ, ಓಲೆ ಹಾಕಿಕೊಂಡೇ ಟ್ರೈ ಮಾಡಿ. ಜೊತೆಗೆ ಬಂದವರನ್ನು ಪಕ್ಕದಲ್ಲಿ ನಿಂತು ಮಾತಾಡಲು ಹೇಳಿ. ಅಂಗಡಿಯವರು ಜೋರಾಗಿ ಹಾಡು ಹಾಕಿ ತೋರಿಸುವುದರಿಂದ ಏನೂ ಗೊತ್ತಾಗುವುದಿಲ್ಲ. ಮೆತ್ತೆ ಹರಿದರೆ ಬಿಡಿಯಾಗಿ ಸಿಗುತ್ತದಾ ಅಂತಲೂ ಕೇಳಿಕೊಳ್ಳಿ. ನನ್ನದರ ಎಡಗಡೆ ಮೆತ್ತೆಯ ಹೊಲಿಗೆ ಈಗಾಗಲೇ ಬಿಡಲು ಶುರುವಾಗಿದೆ, ಬದಲಿ ಇನ್ನೂ ಸಿಕ್ಕಿಲ್ಲ.