ಫಿಲ್ಮೋ, ಪಾರ್ಟಿಕಲ್ಲೋ?

ಎಂ.ಫಾರ್ಮ್ ಪ್ರಾಜೆಕ್ಟಿಗೆ ಬಾಯಲ್ಲಿ ಕರಗುವ ಫಿಲ್ಮ್ ತಗೊಳ್ಳಲಾ, ಪಿಎಲ್‌ಜಿಎ ಅನ್ನೋ ಪಾಲಿಮರ್‌ನಲ್ಲಿ ಔಷಧ ತುಂಬಿದ ಪುಟ್ಟ ಕಣಗಳನ್ನಾ ಅಂತ ತಂಗಿ ವಿಜಯಪುರದಿಂದ ಫೋನ್ ಮಾಡಿದ್ದಳು.

ಫಿಲ್ಮ್ ಅಗ್ಗ. ಎಚ್‌ಪಿಎಂಸಿ (ನೀರಲ್ಲಿ ಕರಗಿ, ಒಣಗಿದರೆ ಪೊರೆಯಾಗುವ ಪುಡಿ), ನೀರು, ಮೆತ್ತಗಿರಲು ಚೂರು ಗ್ಲಿಸರಿನ್, ಔಷಧ. ಪೆಟ್ರಿ ಡಿಶ್‌ಗೆ ಸುರಿದು ಒಣಗಿಸಿದರೆ ಆಯ್ತು. ಕಾಟ ಕೊಡುವುದು ಹವೆ. ಬೆಳಗಾವಿಯಲ್ಲಿ ಜುಲೈ ಮಳೆ ಹಿಡಿದಾಗ ನಾನು ಮಾಡಿದ ಫಿಲ್ಮ್ ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟಿತ್ತು. ಸುಲಿಯಲು ಹೋದರೆ ಹರಿಯಿತು. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಉಲ್ಟಾ: ಗ್ಲಿಸರಿನ್ ಕಡಿಮೆಯಾದರೆ ಹಪ್ಪಳದಂತೆ ಮುರಿಯುತ್ತದೆ. ಅಂಚೆ ಚೀಟಿಯಷ್ಟು ಹಾಳೆ ತಾನೇ, ಜಾಸ್ತಿ ಔಷಧ ಹಿಡಿಸುವುದೂ ಇಲ್ಲ. 500 ಮಿಲಿಗ್ರಾಂ ಪ್ಯಾರಸಿಟಮಾಲ್ ಆಸೆ ಬಿಡಬೇಕು.

ಕಣಗಳ ಕಥೆ ಬೇರೆ. ಒಮ್ಮೆ ಚುಚ್ಚಿದರೆ ವಾರಗಟ್ಟಲೆ ಔಷಧ ಬಿಡುತ್ತವೆ. ಪಿಎಲ್‌ಜಿಎ ಮೈಯೊಳಗಿನ ನೀರಿಗೆ ನಿಧಾನ ಒಡೆದು ಲ್ಯಾಕ್ಟಿಕ್, ಗ್ಲೈಕೋಲಿಕ್ ಆಮ್ಲವಾಗುತ್ತದೆ. ಇಂಥ ಕಣಗಳಿಂದಲೇ ಮಾಡಿದ, ಪ್ರಾಸ್ಟೇಟ್ ಕ್ಯಾನ್ಸರಿಗೆ ತಿಂಗಳಿಗೊಮ್ಮೆ ಕೊಡುವ ಲ್ಯುಪ್ರೋಲೈಡ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 1989ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಆದರೆ ಪಾಲಿಮರ್ ದುಬಾರಿ. ಮೊದಲ ದಿನವೇ ಔಷಧ ಭುಸ್ ಅಂತ ಹೊರಬರುವ ತಲೆನೋವು ಬೇರೆ. ಔಷಧ ಯಾವ ವೇಗದಲ್ಲಿ ಹೊರಬರುತ್ತದೆ ಅಂತ ನೋಡುವ ಒಂದು ರಿಲೀಸ್ ಪರೀಕ್ಷೆಗೇ ತಿಂಗಳು ಹೋಗುತ್ತದೆ, ಎಡವಿದರೆ ಮತ್ತೊಂದು ತಿಂಗಳು.

ಕೈಯಲ್ಲಿ ಆರೇಳು ತಿಂಗಳಷ್ಟೇ ಇದೆ ಅಲ್ವಾ, ಸುಮ್ನೆ ಫಿಲ್ಮ್ ಹಿಡಿ ಅಂದೆ. ಮಳೆಗಾಲಕ್ಕೆ ಮೊದಲೇ ಡೆಸಿಕೇಟರ್‌ನಲ್ಲಿ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ) ಜಾಗ ಹಿಡಿದಿಡು ಅಂತಲೂ.