ಬಾಲ್ಟಿಮೋರ್‌ನಲ್ಲಿ ಎಡ್ಗರ್ ಅಲನ್ ಪೋ: ಮನೆ ನೋಡಬೇಕೋ, ಸಮಾಧಿಯೋ?

ಅಮೆರಿಕದ ಕವಿ, ಕಥೆಗಾರ ಪೋ ಸಾವಿನ ಗುಟ್ಟು ಹುಡುಕಿಕೊಂಡು ಅಲ್ಲಿನ ಬಾಲ್ಟಿಮೋರ್ ನಗರಕ್ಕೆ ಹೋದವರು ಮೊದಲು ನುಗ್ಗುವುದು 203, ನಾರ್ತ್ ಆಮಿಟಿ ಬೀದಿಯ ಪೋ ಮನೆ ಮ್ಯೂಸಿಯಂಗೆ. ಅಲ್ಲಿ ಸಾವಿನ ಸುಳಿವು ಸಿಗದೆ ನಿರಾಸೆಯಾಗುತ್ತದೆ. ಅದು ಅವನು ಸತ್ತ ಮನೆಯಲ್ಲ. 1833ರಿಂದ 1835ರವರೆಗೆ ಅಜ್ಜಿ, ಸೋದರತ್ತೆ ಮತ್ತು ಮುಂದೆ ಮದುವೆಯಾದ ಅತ್ತೆಮಗಳು ವರ್ಜೀನಿಯಾ ಜೊತೆ ಬಡತನದಲ್ಲಿ ಬಾಳಿದ ಮನೆ. ಇಟ್ಟಿಗೆಯ ಪುಟ್ಟ ಮನೆ. ಅಟ್ಟಕ್ಕೆ ಹೋಗುವ ಮೆಟ್ಟಿಲು ಕಡಿದಾಗಿ, ತಿರುವಾಗಿ, ಒಬ್ಬರಷ್ಟೇ ಹತ್ತುವಷ್ಟು ಇಕ್ಕಟ್ಟಾಗಿದೆ. ಬೆನ್ನಿಗೆ ದೊಡ್ಡ ಬ್ಯಾಗ್ ಬೇಡ. ಮಂಡಿ ನೋವಿದ್ದವರು ಕೆಳಗೇ ಉಳಿಯಲಿ. ಮುಕ್ಕಾಲು ಗಂಟೆ ಧಾರಾಳ ಸಾಕು. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ವೇಳೆ ನೋಡಿಕೊಂಡೇ ಹೊರಡಿ.

ಸಾವಿನ ಕಥೆಗೆ ಬೇಕಾದದ್ದು ಫಯೆಟ್ ಮತ್ತು ಗ್ರೀನ್ ಬೀದಿಗಳು ಕೂಡುವಲ್ಲಿರುವ ವೆಸ್ಟ್‌ಮಿನ್‌ಸ್ಟರ್ ಸ್ಮಶಾನ. ಪ್ರವೇಶಕ್ಕೆ ದುಡ್ಡಿಲ್ಲ, ಕತ್ತಲಾಗುವ ಮೊದಲು ಹೋಗಬೇಕು. ಹೋಗುವ ಮುನ್ನ ದಿನಾಂಕಗಳು ತಲೆಯಲ್ಲಿರಲಿ. 1849ರ ಸೆಪ್ಟೆಂಬರ್ 27ರಂದು ಪೋ ರಿಚ್ಮಂಡ್ ನಗರ ಬಿಟ್ಟ. ಅಕ್ಟೋಬರ್ 3, ಚುನಾವಣೆಯ ದಿನ, ಬಾಲ್ಟಿಮೋರ್‌ನಲ್ಲಿ, ಮತಗಟ್ಟೆಯೂ ಆಗಿದ್ದ ಲೊಂಬಾರ್ಡ್ ಬೀದಿಯ ರಯಾನ್ ಹೆಂಡದಂಗಡಿಯಲ್ಲಿ ಅರೆಪ್ರಜ್ಞೆಯಲ್ಲಿ ಸಿಕ್ಕ. ಮೈಮೇಲೆ ಕೊಳೆಯಾದ, ಅಳತೆಗೆ ಕೂಡದ, ಯಾರದೋ ಬಟ್ಟೆ. ಜೋಸೆಫ್ ವಾಕರ್ ಎಂಬ ಮುದ್ರಣಗಾರ ಪೋಗೆ ಪರಿಚಯವಿದ್ದ ಡಾ. ಸ್ನಾಡ್‌ಗ್ರಾಸ್‌ಗೆ ಚೀಟಿ ಬರೆದು ಕರೆಸಿದ. ಅಕ್ಟೋಬರ್ 7ರ ಬೆಳಗಿನ ಜಾವ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ವಯಸ್ಸು 40. ರಿಚ್ಮಂಡ್ ಬಿಟ್ಟಾಗಿನಿಂದ ಹೆಂಡದಂಗಡಿಯಲ್ಲಿ ಸಿಗುವವರೆಗಿನ ದಿನಗಳ ಲೆಕ್ಕ ಇವತ್ತಿಗೂ ಸಿಕ್ಕಿಲ್ಲ. ಮರಣ ಪ್ರಮಾಣಪತ್ರವೂ ಉಳಿದಿಲ್ಲ.

ಗೊಂದಲಕ್ಕೆ ಮುಖ್ಯ ಕಾರಣ ಸಾಕ್ಷಿಗಳೇ. ಸ್ನಾಡ್‌ಗ್ರಾಸ್ ಪಾನನಿಷೇಧದ ಪ್ರಚಾರಕ, ಎಲ್ಲವನ್ನೂ ಕುಡಿತದ ತಲೆಗೆ ಕಟ್ಟಿದ. ಚಿಕಿತ್ಸೆ ಕೊಟ್ಟ ಡಾ. ಮೊರಾನ್ ವರ್ಷ ಕಳೆದಂತೆ ಹೇಳಿಕೆ ಬದಲಿಸುತ್ತ ಹೋದ. 1996ರಲ್ಲಿ ಬಂದ ರೇಬಿಸ್ ವಾದ ನಿಂತಿರುವುದು ಇದೇ ಮೊರಾನ್ ಮಾತಿನ ಮೇಲೆ. ನಾಯಿಯೋ ಬೆಕ್ಕೋ ಕಚ್ಚಿದ ದಾಖಲೆ ಇಲ್ಲ. ಜನರನ್ನು ಹಿಡಿದು, ಕುಡಿಸಿ, ಬಟ್ಟೆ ಬದಲಿಸಿ ಮತ್ತೆ ಮತ್ತೆ ಓಟು ಹಾಕಿಸುತ್ತಿದ್ದ ದಂಧೆಯ ವಾದ ಆ ಬಟ್ಟೆಗೂ ಆ ಜಾಗಕ್ಕೂ ಚೆನ್ನಾಗಿ ಹೊಂದುತ್ತದೆ. ಆದರೆ ಊರಿನಲ್ಲಿ ಗುರುತಿದ್ದ ಮುಖವನ್ನು ಅಷ್ಟು ಸಲ ಸಾಲಿನಲ್ಲಿ ನಿಲ್ಲಿಸುವುದು ಸುಲಭವಿರಲಿಲ್ಲ.

ಸ್ಮಶಾನದ ಗೇಟಿನ ಹತ್ತಿರದ ಅಮೃತಶಿಲೆಯ ಸ್ಮಾರಕ 1875ರದ್ದು, ಪೋ ಈಗಿರುವುದು ಅದರಡಿ. ಅದಕ್ಕಾದ ಹಣದಲ್ಲಿ ಶಾಲೆಯ ಮಕ್ಕಳು ಕೂಡಿಸಿದ ಪೆನ್ನಿಗಳೂ (ಒಂದು ಸೆಂಟಿನ ನಾಣ್ಯ) ಸೇರಿವೆ. ಇಂದಿಗೂ ಜನ ಅದರ ಮೇಲೆ ಪೆನ್ನಿ ಇಟ್ಟು ಹೋಗುತ್ತಾರೆ. ಕೆತ್ತಿದ ಜನ್ಮದಿನ ಗಮನಿಸಿ: ಜನವರಿ 20 ಎಂದಿದೆ, ಸರಿಯಾದದ್ದು 19. ಹೆಚ್ಚಿನವರು ಇಲ್ಲೇ ಫೋಟೊ ತೆಗೆದು ಹೊರಟುಬಿಡುತ್ತಾರೆ, ಅದೇ ತಪ್ಪು. ಸ್ಮಶಾನದೊಳಗಿನ ಚರ್ಚ್ ಕಟ್ಟಿದ್ದು 1852ರಲ್ಲಿ, ಗೋರಿಗಳ ಮೇಲೇ ಇಟ್ಟಿಗೆ ಕಮಾನು ಎಬ್ಬಿಸಿ. ಕೆಳಗಿನ ಆ ಭಾಗ ನೋಡಲು ಟೂರ್ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಒಂದೇ ಗಂಟೆ ಇದ್ದರೆ ಮನೆ ಬಿಡಿ, ಚರ್ಚ್ ಬಳಸಿ ಹಿಂದಕ್ಕೆ ನಡೆಯಿರಿ. ಅವನ ಹೆಸರಾಂತ ಕವಿತೆಯ, ಕಾಗೆಯಂಥ ರೇವನ್ ಹಕ್ಕಿ ಕೆತ್ತಿದ ಕಲ್ಲು ಸಿಗುತ್ತದೆ. ಅಕ್ಟೋಬರ್ 8ರಂದು ಬೆರಳೆಣಿಕೆಯ ಜನ ಸೇರಿ ಅವನನ್ನು ಮೊದಲು ಮಣ್ಣು ಮಾಡಿದ್ದು ಅಜ್ಜನ ಪಾಲಿನ ಈ ಜಾಗದಲ್ಲಿ.